ತಾತ ಇನ್ನೂ ಬಂದಿಲ್ವೇನೋ?

‘ಅರವತ್ತಕ್ಕೆ ಅರಳು ಮರಳು’ ಅಂತ ನಾವು ಸಲೀಸಾಗಿ ಹೇಳಿಬಿಡ್ತೀವಿ. ಆದರೆ ಡಿಮೆನ್ಶಿಯಾ ವಯಸ್ಸಿನ ಮಾಮೂಲಿ ಮರೆವಲ್ಲ, ಮೆದುಳಿನ ಕಾಯಿಲೆಯಿಂದ ಬರುವಂಥದ್ದು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಜನರಿಗೆ ಇದು ಇದೆ.

ನಮ್ಮ ಅಜ್ಜಿಗೂ ಇತ್ತು. ಸಂಜೆಯಾದರೆ ಬಾಗಿಲ ಕಡೆ ನೋಡ್ತಾ, “ನಿಮ್ ತಾತ ಇನ್ನೂ ಬಂದಿಲ್ವೇನೋ?” ಅನ್ನೋರು. “ಅಜ್ಜಿ, ತಾತ ತೀರಿಹೋಗಿ ಒಂಬತ್ತು ವರ್ಷ ಆಯ್ತಲ್ಲ” ಅಂತಿದ್ದೆ. “ನಂಗ್ಯಾಕೆ ಯಾರೂ ಹೇಳ್ಲಿಲ್ಲ?” ಅಂತ ಅಳೋರು. ಅರ್ಧ ಗಂಟೆಗೆ ಮತ್ತೆ ಅದೇ ಪ್ರಶ್ನೆ. ಮತ್ತೆ ಅದೇ ಉತ್ತರ, ಈ ಸಲ ಇನ್ನೂ ಜೋರಾಗಿ. ನಿಜ ಹೇಳೋದೇ ನನ್ನ ಕಸುಬು ಅನ್ನೋ ಹಮ್ಮು ಬೇರೆ!

ಇಂಜಿನಿಯರಿಂಗ್ ಓದಿದ ನನಗೆ ಸಮಸ್ಯೆ ಎಲ್ಲಿದೆ ಅಂತ ತಡವಾಗಿ ಅರ್ಥವಾಯ್ತು. ಡಿಮೆನ್ಶಿಯಾಗೆ ಮುಖ್ಯ ಕಾರಣ ಅಲ್ಜೈಮರ್ ಕಾಯಿಲೆ. ಅದು ಮೊದಮೊದಲೇ ಕೆಡಿಸುವ ಭಾಗಗಳಲ್ಲಿ ಒಂದು ಹಿಪೊಕ್ಯಾಂಪಸ್. ಹೊಸ ನೆನಪು ದಾಖಲಾಗಲು ಅದು ಬೇಕೇಬೇಕು. ಹಾಗಾಗಿ ಹಳೆಯದು ಉಳಿದಿರುತ್ತೆ, ಈಗ ಹೇಳಿದ್ದು ಸೇವ್ ಆಗಲ್ಲ. ಆದರೆ ಮಾತು ಮರೆತರೂ ಅದು ಎಬ್ಬಿಸಿದ ದುಃಖ ಒಳಗೇ ಉಳಿದುಬಿಡಬಹುದು. ಅಂದರೆ ನಾನು ಅಜ್ಜಿಗೆ ಮಾಹಿತಿ ಕೊಡ್ತಿರಲಿಲ್ಲ. ತಾತನ ಸಾವನ್ನು ದಿನಾ ಸಂಜೆ ಬ್ರೇಕಿಂಗ್ ನ್ಯೂಸ್ ಮಾಡ್ತಿದ್ದೆ.

ನಮ್ಮಮ್ಮ ಬೇರೆ ದಾರಿ ಹಿಡಿದರು. ಪಕ್ಕದಲ್ಲಿ ಕೂತು ಕೈ ಹಿಡಿದು, “ಅತ್ತೆ, ಮಾವನಿಗೆ ಸಂಜೆ ಏನ್ ಮಾಡಿಕೊಡ್ತಿದ್ರಿ?” ಅಂದರು. ಅವರೆಕಾಳು ಉಪ್ಪಿಟ್ಟಿನ ಕಥೆ ಶುರುವಾಯ್ತು. ಸುಳ್ಳೂ ಹೇಳಲಿಲ್ಲ, ತಿದ್ದಲೂ ಇಲ್ಲ. ಅಜ್ಜಿ ಕೇಳ್ತಿದ್ದದ್ದು ತಾತನ ವಿಳಾಸವಲ್ಲ, ಅವರ ಬಗ್ಗೆ ಮಾತಾಡೋಕೆ ಒಂದು ಜೊತೆ.

ನಾವು ಮಾಡಬಹುದಾದದ್ದು ಇಷ್ಟು. ಎದುರಿಗೆ ಕೂತು, ಮುಖ ನೋಡಿ ಮಾತಾಡಿ. ಒಂದು ಸಲಕ್ಕೆ ಒಂದೇ ಚಿಕ್ಕ ಮಾತು. “ಏನು ಬೇಕು?” ಅನ್ನೋ ಬದಲು “ಕಾಫಿ ಕೊಡ್ಲಾ?” ಅನ್ನಿ. ಉತ್ತರಕ್ಕೆ ಕಾಯಿರಿ. “ನಾನ್ಯಾರು ಹೇಳು” ಅಂತ ಪರೀಕ್ಷೆ ಮಾಡಬೇಡಿ, “ನಾನು ನಿಮ್ಮ ಮೊಮ್ಮಗ” ಅಂತ ನೀವೇ ಹೇಳಿ. ಮಾತಾಡುವಾಗ ಟಿವಿ ಆಫ್ ಮಾಡಿ, ತೆರೆ ಮೇಲೆ ನಾನೇ ಇದ್ದರೂ! ಗೊಂದಲ ಒಂದೆರಡು ದಿನದಲ್ಲಿ ಏಕಾಏಕಿ ಹೆಚ್ಚಾದರೆ ಸೋಂಕೋ ಔಷಧಿಯ ತೊಂದರೆಯೋ ಇರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ.

ತಾಳ್ಮೆ ತಪ್ಪುತ್ತೆ, ನನಗೂ ತಪ್ಪಿದೆ. ಆಗ ಎದ್ದು ಆಚೆ ಹೋಗಿ ಬನ್ನಿ, ಮನೆಯ ಇನ್ನೊಬ್ಬರು ಕೂರಲಿ. ಒಬ್ಬರ ತಲೆ ಮೇಲೇ ಎಲ್ಲ ಹಾಕಬೇಡಿ.

ಇವತ್ತು ಸಂಜೆ ನಿಮ್ಮ ಮನೇಲಿ ಅದೇ ಪ್ರಶ್ನೆ ಹತ್ತನೇ ಸಲ ಬರಬಹುದು. ಹತ್ತನೇ ಸಲ ನಮಗೆ. ಕೇಳೋರಿಗೆ ಅದು ಮೊದಲನೇ ಸಲ.