ಪೆಟೂನಿಯಕ್ಕೆ ಮಣ್ಣು ಮುಚ್ಚಿ ಕೆಟ್ಟೆ

ಕೂರಿಗೆ ಹಿಡಿದ ಕೈ ನಮ್ಮದು. ಬೀಜ ಅಂದ ಮೇಲೆ ಮಣ್ಣಿನೊಳಗೆ ಹೋಗಬೇಕು ಅಂತಲೇ ರೂಢಿ. ಈ ರೂಢಿಯಿಂದಲೇ ಮೊದಲ ವರ್ಷ ಪೆಟೂನಿಯ ಬೀಜ ಪೂರ್ತಿ ಹಾಳು ಮಾಡಿಕೊಂಡೆ.

ನಲ್ಲೂರಿನ ನಮ್ಮ ಹೊಲಕ್ಕೆ ಮಳೆಯೇ ಆಧಾರ. ಮೆಕ್ಕೆಜೋಳ ಒಣಗಿದ ವರ್ಷ, ನಾಲ್ಕು ಕೊಡ ನೀರಿನಲ್ಲಿ ಹಿತ್ತಲಲ್ಲೇ ಏನಾದರೂ ಮಾಡೋಣ ಅಂತ ಹೂವಿನ ಸಸಿಗೆ ಕೈ ಹಾಕಿದೆ. ಕುಂಡಕ್ಕೆ, ತೂಗುಬುಟ್ಟಿಗೆ ಆಗುವ ಸಸಿ ಕೊಟ್ಟರೆ ತಗೊಳ್ತೀವಿ ಅಂತ ದಾವಣಗೆರೆಯ ನರ್ಸರಿಯವರೊಬ್ಬರು ಹೇಳಿದ್ದರು.

ಪೆಟೂನಿಯ ಬೀಜ ರಾಗಿಗಿಂತ ಎಷ್ಟೋ ಸಣ್ಣದು. ಒಂದು ಗ್ರಾಂ ಅಂದರೆ ಸಾವಿರಾರು ಬೀಜ. ಅದರ ಮೇಲೆ ಬೆರಳಗಲ ಮಣ್ಣು ಎಳೆದೆ. ಇಪ್ಪತ್ತು ದಿನ ಕಾದರೂ ಒಂದೂ ಹುಟ್ಟಲಿಲ್ಲ. ಬೀಜದ ಅಂಗಡಿಗೆ ಹೋಗಿ ಕೂಗಾಡಿದ್ದೂ ಆಯ್ತು. ತಪ್ಪು ನನ್ನದೇ. ಈ ಬೀಜ ಹುಟ್ಟಲು ಬೆಳಕು ಬೇಕು.

ಈಗ ಮಾಡುವುದು ಹೀಗೆ. ಸೆಪ್ಟೆಂಬರ್‌ನಲ್ಲಿ ತೆಂಗಿನ ನಾರಿನ ಪುಡಿ, ಜರಡಿ ಹಿಡಿದ ಎರೆಗೊಬ್ಬರ ಕೂಡಿಸಿ ಅಗಲ ತಟ್ಟೆಗೆ ತುಂಬಿ ನೆನೆಸುತ್ತೇನೆ. ಬೀಜಕ್ಕೆ ಒಣ ಮರಳು ಬೆರೆಸಿ ಮೇಲೆ ಉದುರಿಸಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿದರೆ ಮುಗಿಯಿತು. ಮೇಲಿಂದ ನೀರು ಹೊಯ್ದರೆ ಬೀಜ ಒಂದು ಮೂಲೆಗೆ ಸೇರುತ್ತದೆ. ಅದಕ್ಕೆ ತೂತಿರುವ ತಟ್ಟೆಯನ್ನೇ ನೀರಿನಲ್ಲಿ ಇಟ್ಟು ತಳದಿಂದ ಕುಡಿಸಬೇಕು. ತೆಳು ಪ್ಲಾಸ್ಟಿಕ್ ಹೊದಿಸಿ, ಬಿಸಿಲು ಬೀಳದ ಬೆಳಕಿನಲ್ಲಿಟ್ಟರೆ ವಾರ ಹತ್ತು ದಿನಕ್ಕೆ ಹಸಿರು ಕಾಣುತ್ತದೆ. ಕಂಡ ದಿನವೇ ಹೊದಿಕೆ ತೆಗೀರಿ. ಇಲ್ಲದಿದ್ದರೆ ಬುಡ ಕೊಳೆತು ಬೆಳಗಾಗುವುದರೊಳಗೆ ಸಸಿ ಮಲಗಿರುತ್ತವೆ. ನಾಲ್ಕೈದು ಎಲೆ ಬಂದಾಗ ಪ್ರೋಟ್ರೇಗೆ ಕಿತ್ತು ನೆಟ್ಟು, ಆಮೇಲೆ ಕುಡಿ ಚಿವುಟಿದರೆ ಕವಲು ಒಡೆದು ಬುಟ್ಟಿ ತುಂಬುತ್ತದೆ. ಡಿಸೆಂಬರ್, ಜನವರಿಗೆ ಹೂ.

ಇದನ್ನು ಕಲಿತೆ ಅಂತ ನಿತ್ಯಪುಷ್ಪದ ಬೀಜವನ್ನೂ ಹಾಗೇ ಬಿಡಬೇಡಿ. ಅದಕ್ಕೆ ಕತ್ತಲೇ ಬೇಕು. ತೆಳುವಾಗಿ ಮಣ್ಣು ಮುಚ್ಚಿ ಮೇಲೆ ಗೋಣಿಚೀಲ ಹಾಕಿ. ನಮ್ಮಂಥ ಬಿಸಿಲು ಸೀಮೆಗೆ ಒಗ್ಗುವ ಗಿಡ ಅದು. ಟೇಬಲ್ ರೋಸ್ ಮಾತ್ರ ಪೆಟೂನಿಯದಂತೆ ಮೇಲೆಯೇ ಉದುರಿಸುವಂಥದ್ದು. ನೀರು ಹಾಕಲು ಮರೆಯುವವರ ತೂಗುಬುಟ್ಟಿಗೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಚೆಂಡುಹೂವಿನದು ತಕರಾರಿಲ್ಲ, ತೆಳುವಾಗಿ ಮುಚ್ಚಿದರೆ ವಾರದೊಳಗೆ ಹುಟ್ಟುತ್ತದೆ.

ಚೀನಾ ಆಸ್ಟರ್‌ಗೆ ಹಳೆ ಬೀಜ ಕೊಳ್ಳಬೇಡಿ, ಅದರ ಹುಟ್ಟುವ ಶಕ್ತಿ ಬೇಗ ಹೋಗುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ ತಳಿಗಳಿಂದ ನಾವೇ ಬೀಜ ಹಿಡಿದುಕೊಳ್ಳಬಹುದು. ಹೈಬ್ರಿಡ್ ಪೆಟೂನಿಯದಿಂದ ಹಿಡಿದರೆ ತಾಯಿಯಂತೆ ಬರುವುದಿಲ್ಲ. ಅದರ ಪೊಟ್ಟಣಕ್ಕೆ ಪ್ರತಿ ವರ್ಷ ದುಡ್ಡು ಎಣಿಸಲೇಬೇಕು. ಹಾಗಾಗಿ ನರ್ಸರಿಯವರು ಎಷ್ಟು ಬೇಕು ಅಂತ ಮೊದಲೇ ಹೇಳಿದ ಮೇಲೆಯೇ ನಾನು ಪೊಟ್ಟಣ ಒಡೆಯುವುದು.