ರಾಯಚೂರು ಕೋಟೆಯ ದಂಡನಾಯಕ: ಕಲ್ಪನೆ ಯಾವುದು, ಸತ್ಯ ಯಾವುದು

ರಾಯಚೂರಿನ ಬಸ್ ನಿಲ್ದಾಣದಿಂದ ಹೊರಬಿದ್ದ ಪ್ರಯಾಣಿಕನ ಕಣ್ಣಿಗೆ ಬೆಟ್ಟವೂ ಅದರ ತಪ್ಪಲಿನ ಕಲ್ಗೋಡೆಯೂ ಬೀಳದೆ ಇರುವುದಿಲ್ಲ. ಆ ಗೋಡೆಯನ್ನು ಕಟ್ಟಿಸಿದವರಾರೆಂದು ತೀನ್ ಕಂದೀಲಿನ ಪೇಟೆಯಲ್ಲಿಯೋ ಮಾನ್ವಿ, ದೇವದುರ್ಗಗಳ ಸಂತೆಯಲ್ಲಿಯೋ ವಿಚಾರಿಸಿದರೆ ಉತ್ತರವು ಸಾಮಾನ್ಯವಾಗಿ ಮೂರು ಬಗೆಯಾಗಿ ಬರುತ್ತದೆ. ಕೃಷ್ಣದೇವರಾಯನೆಂದು ಕೆಲವರು ಹೇಳುವರು. ಬಿಜಾಪುರದ ಆದಿಲಶಾಹಿ ಸುಲ್ತಾನರೆಂದು ಮತ್ತೆ ಕೆಲವರು. ಸ್ವಲ್ಪ ಓದಿಕೊಂಡವರು ಕಾಕತೀಯರ ರಾಣಿ ರುದ್ರಮದೇವಿಯ ಹೆಸರನ್ನೆತ್ತಿ, 1284 ಎಂಬ ವರ್ಷವನ್ನೂ ಜೊತೆಗೆ ಸೇರಿಸುವರು. ಉತ್ತರ ಯಾವುದಾದರೂ ಕಟ್ಟಿಸಿದವರು ಕಿರೀಟಧಾರಿಗಳೇ ಆಗಿರಬೇಕೆಂಬ ನಂಬಿಕೆ ಮೂರರಲ್ಲಿಯೂ ಒಂದೇ. ಆದರೆ ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ಏಳು ಶತಮಾನಗಳಿಗಿಂತ ಹೆಚ್ಚು ಕಾಲದಿಂದ ಬಿಸಿಲಿಗೂ ಮಳೆಗೂ ಒಡ್ಡಿಕೊಂಡು ನಿಂತಿರುವ ಶಿಲಾಶಾಸನವು ಹೇಳುವ ಹೆಸರು ಅರಸನದಲ್ಲ. ಅದು ದಂಡನಾಯಕನಾದ ವಿಠಲನಾಥನದು.

ಆ ಶಿಲೆಯೇ ಒಂದು ವಿಸ್ಮಯ. ಸುಮಾರು ನಲವತ್ತೊಂದೂವರೆ ಅಡಿ ಉದ್ದವೂ ಮೂರು ಅಡಿ ಎತ್ತರವೂ ಉಳ್ಳ ಅಖಂಡವಾದ ಕಲ್ಲನ್ನು ಗೋಡೆಯ ಅಂಗವಾಗಿಯೇ ಕೂರಿಸಿ, ಅದರ ಮೇಲೆ ತೆಲುಗಿನಲ್ಲಿ ಬರೆಸಿದ ಶಾಸನವದು. ಅದರ ಕಾಲ ಶಕವರ್ಷ 1216, ಎಂದರೆ ಕ್ರಿ.ಶ. 1294. ಕಾಕತೀಯರ ಮಾಂಡಲಿಕನಾದ ಗೋರೆ ಗಂಗಯರೆಡ್ಡಿಯ ಸೇವೆಯಲ್ಲಿದ್ದ ವಿಠಲನಾಥನು ಆದವಾನಿ, ತುಂಬಳ, ಮಾನುವ, ಹಾಲುವ ಎಂಬ ದುರ್ಗಗಳನ್ನು ಗೆದ್ದು, ಬಳಿಕ ರಾಯಚೂರನ್ನು ಪ್ರವೇಶಿಸಿ, ಪುರಜನರ ರಕ್ಷಣಾರ್ಥವಾಗಿ ಈ ಕೋಟೆಯನ್ನು ಕಟ್ಟಿಸಿದನೆಂಬುದು ಅದರ ತಾತ್ಪರ್ಯ. ಇಲ್ಲಿಯ ಮಾನುವವೇ ಇಂದಿನ ಮಾನ್ವಿ. ವಿಜಯದಾಸರು ಹುಟ್ಟಿದ ಚೀಕಲಪರವಿಯೂ ಜಗನ್ನಾಥದಾಸರು ಬಾಳಿದ ಊರೂ ಸೇರಿ ಯಾವ ನೆಲವು ದಾಸಸಾಹಿತ್ಯದ ಪುಣ್ಯಭೂಮಿಯೆಂದು ನಮಗೆ ಪರಿಚಿತವಾಗಿದೆಯೋ, ಅದೇ ನೆಲವು ಆ ದಾಸರಿಗಿಂತ ನಾಲ್ಕು ನೂರು ವರ್ಷಗಳಷ್ಟು ಮೊದಲೇ ಒಬ್ಬ ಸೇನಾನಿಯ ಜಯಪರಂಪರೆಯಲ್ಲಿ ಎಣಿಕೆಗೆ ಬಂದಿತ್ತೆಂಬುದನ್ನು ಮಾನ್ವಿಯವರೇ ಹೆಚ್ಚಾಗಿ ಅರಿಯರು.

ಕೃಷ್ಣದೇವರಾಯನ ಹೆಸರು ಇಲ್ಲಿಗೆ ಬಂದುದಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. 1520ರ ರಾಯಚೂರು ಯುದ್ಧವು ಆ ಮಹಾರಾಜನ ವಿಜಯಗಳಲ್ಲಿ ಶಿರೋಭೂಷಣವಾದುದು; ಪೋರ್ಚುಗೀಸನಾದ ನೂನಿಜನು ಅದನ್ನು ಸವಿಸ್ತಾರವಾಗಿ ವರ್ಣಿಸಿದ್ದಾನೆ. ಆದರೆ ಆ ವರ್ಣನೆಯೇ ಜನರ ನಂಬಿಕೆಗೆ ವಿರುದ್ಧವಾದ ಸಾಕ್ಷ್ಯ. ರಾಯನು ಈ ಕೋಟೆಯನ್ನು ಮುತ್ತಿದನು. ಕ್ರಿಸ್ಟೋವಾನ್ ದ ಫಿಗೇರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರು ಗೋಡೆಯ ಮೇಲಿನ ಕಾವಲಿನವರನ್ನು ಹೊಡೆದುರುಳಿಸುತ್ತಿರಲು, ರಾಯನ ಆಳುಗಳು ಕೆಳಗಿನಿಂದ ಕಲ್ಲುಗಳನ್ನು ಕಿತ್ತರು. ಕಟ್ಟಿದ್ದು 1294ರಲ್ಲಿ, ಮುತ್ತಿದ್ದು 1520ರಲ್ಲಿ. ಎರಡರ ನಡುವೆ 226 ವರ್ಷಗಳ ಅಂತರವಿದೆ. ಗೆದ್ದವನ ಕೀರ್ತಿಯು ಕಟ್ಟಿದವನ ಕೀರ್ತಿಯನ್ನೂ ನುಂಗಿಬಿಡುವುದು ಲೋಕರೂಢಿ. ಆ ಯುದ್ಧದಲ್ಲಿ ಇಸ್ಮಾಯಿಲ್ ಆದಿಲಶಹನ ಪರವಾಗಿ ಶೌರ್ಯದಿಂದ ಕಾದಿ, ಕೊನೆಗೆ ಸೆರೆಸಿಕ್ಕಿದ ಸಲಾಬತ್ ಖಾನನೆಂಬ ಸೇನಾಪತಿಯ ಹೆಸರನ್ನು ಇಂದು ಎಷ್ಟು ಮಂದಿ ನೆನೆಯುತ್ತಾರೆ?

ಆದಿಲಶಾಹಿಗಳ ಮಾತಿನಲ್ಲಿ ಅರ್ಧ ಸತ್ಯವುಂಟು. ಕೋಟೆಗೆ ಎರಡು ಸುತ್ತಿನ ಗೋಡೆಗಳಿವೆ. ಮೆಕ್ಕಾ ದರವಾಜ, ನವರಂಗಿ ದರವಾಜ, ಕಾಟಿ ದರವಾಜ, ಖಂದಕ್ ದರವಾಜ, ದೊಡ್ಡಿ ದರವಾಜ ಎಂದು ಊರವರು ದಿನವೂ ಬಾಯಲ್ಲಾಡಿಸುವ ಐದು ಬಾಗಿಲುಗಳು ಹೊರಸುತ್ತಿಗೆ ಸೇರಿದವು. ಈ ಸುತ್ತು ಬಹಮನಿ ಮತ್ತು ಆದಿಲಶಾಹಿ ಕಾಲಗಳ ಕೃತಿ. ಒಳಸುತ್ತು ಇದಕ್ಕಿಂತ ಬಹಳ ಹಳೆಯದು. ಗಾರೆಯ ನೆರವಿಲ್ಲದೆ, ಚೆನ್ನಾಗಿ ಕಡೆದ ಭಾರಿ ಕಲ್ಲುಗಳನ್ನು ಒಂದಕ್ಕೊಂದು ಹೊಂದಿಸಿ ಎತ್ತಿದ ಆ ಗೋಡೆಯೇ ವಿಠಲನಾಥನದು. ಬಾಗಿಲುಗಳ ಹೆಸರು ಪಾರಸಿಯದಾದುದರಿಂದ ಕಲ್ಲೂ ಆ ಕಾಲದ್ದೇ ಎಂದು ಎಣಿಸುವವರು ಎರಡು ಗೋಡೆಗಳ ಮುಂದೆ ಸ್ವಲ್ಪ ಹೊತ್ತು ನಿಂತು, ಒಂದರ ಕಟ್ಟಡದ ಬಗೆಯನ್ನು ಮತ್ತೊಂದರೊಡನೆ ಹೋಲಿಸಿ ನೋಡಿದರೆ ಸಾಕು.

ಮೂರನೆಯ ಉತ್ತರವೇ ಹೆಚ್ಚು ಅಪಾಯಕಾರಿಯಾದುದು. ಏಕೆಂದರೆ ಅದು ವಿದ್ಯಾವಂತರ ಬಾಯಿಂದ ಬರುತ್ತದೆ, ಮುದ್ರಿತವಾದ ಪ್ರವಾಸಿ ಪರಿಚಯಗಳಲ್ಲಿಯೂ ಕಾಣುತ್ತದೆ. ರುದ್ರಮದೇವಿಯು ಕಾಕತೀಯ ವಂಶಕ್ಕೆ ಸೇರಿದವಳೆಂಬುದೂ ಕೋಟೆಯು ಕಾಕತೀಯರ ಕಾಲದ್ದೆಂಬುದೂ ದಿಟ. ಆದರೆ ನಲ್ಗೊಂಡ ಸೀಮೆಯ ಚಂದುಪಟ್ಲದಲ್ಲಿ ದೊರೆತ, 1289ರ ನವೆಂಬರಿನ ಒಂದು ಶಾಸನವು ರುದ್ರಮದೇವಿಗೂ ಅವಳ ಸೇನಾನಿ ಮಲ್ಲಿಕಾರ್ಜುನ ನಾಯಕನಿಗೂ ಪುಣ್ಯವಾಗಲೆಂದು ಕೊಟ್ಟ ದಾನವನ್ನು ಹೇಳುವುದರಿಂದ, ಆ ಹೊತ್ತಿಗೆ ರಾಣಿಯು ಗತಿಸಿದ್ದಳೆಂದು ಇತಿಹಾಸಜ್ಞರು ನಿರ್ಣಯಿಸಿದ್ದಾರೆ. ರಾಯಚೂರಿನ ಶಾಸನ ಅದಕ್ಕಿಂತ ಐದು ವರ್ಷ ಈಚಿನದು. ಆಗ ಓರುಗಲ್ಲಿನ ಸಿಂಹಾಸನದಲ್ಲಿದ್ದವನು ಅವಳ ಮೊಮ್ಮಗನಾದ ಪ್ರತಾಪರುದ್ರ. 1284 ಎಂಬ ವರ್ಷಕ್ಕೆ ಕಲ್ಲಿನ ಆಧಾರವಿಲ್ಲ. ಒಬ್ಬರು ಬರೆದುದನ್ನು ಇನ್ನೊಬ್ಬರು ಪರೀಕ್ಷಿಸದೆ ಎತ್ತಿಕೊಳ್ಳುತ್ತ ಹೋದುದರಿಂದ ಹತ್ತು ವರ್ಷದ ಪ್ರಮಾದವೊಂದು ಸತ್ಯದ ವೇಷ ಧರಿಸಿ ನಿಂತಿದೆ. ಮೂಲಶಿಲೆಯು ಊರಿನ ನಡುವೆಯೇ ಇರುವಾಗ ಹೀಗಾದುದು ಖೇದಕರ.

ಈಚೆಗೆ ಚಲಚ್ಚಿತ್ರವೂ ತನ್ನ ಪಾಲನ್ನು ಸೇರಿಸಿದೆ. 2015ರಲ್ಲಿ ತೆರೆಕಂಡ ತೆಲುಗಿನ ರುದ್ರಮದೇವಿ ಚಿತ್ರದಲ್ಲಿ ಗೋನ ಗನ್ನಾರೆಡ್ಡಿಯು ಬಂಡುಕೋರನಾಗಿ ಮೆರೆದುದನ್ನು ಕಂಡ ಯುವಕರು, ಶಾಸನದ ಗಂಗಯರೆಡ್ಡಿಯನ್ನು ಆ ಪರದೆಯ ನಾಯಕನೇ ಎಂದು ಭಾವಿಸುವುದುಂಟು. ಗೋನ ವಂಶದ ಸಾಮಂತರು ಕೃಷ್ಣೆಯ ಉತ್ತರದ ವರ್ಧಮಾನಪುರದಲ್ಲಿ ಆಳಿದವರು. ಶಾಸನದ ರೆಡ್ಡಿಯೂ ಆ ವಂಶದವನೇ ಎಂದು ಕೆಲವು ವಿದ್ವಾಂಸರು ಗುರುತಿಸಿ, ವಿಠಲನಾಥನನ್ನೂ ಗೋನ ವಿಠಲನೆಂದೇ ಕರೆದಿದ್ದಾರೆ. ಅವನನ್ನು ರೆಡ್ಡಿಯ ಮಂತ್ರಿಯೆಂದು ಓದಿದವರೂ ಇದ್ದಾರೆ. ಈ ಭೇದವು ಪಂಡಿತರೊಳಗಿನ ಚರ್ಚೆಗೆ ತಕ್ಕುದು. ಆದರೆ ಶಾಸನದ ಗಂಗಯರೆಡ್ಡಿಗೂ ಕಥೆಗಾರರು ಕಲ್ಪಿಸಿದ ಬಂಡುಕೋರನಿಗೂ ಹೆಸರಿನ ಹೋಲಿಕೆಗಿಂತ ಹೆಚ್ಚಿನ ನಂಟನ್ನು ಕಟ್ಟುವುದು ಚರಿತ್ರೆಗೆ ಮಾಡುವ ಅನ್ಯಾಯ.

ಇವೆಲ್ಲಕ್ಕಿಂತ ಆಳವಾಗಿ ಬೇರೂರಿದ ತಪ್ಪು ಕಲ್ಪನೆಯು ಕೋಟೆಯ ಉದ್ದೇಶಕ್ಕೆ ಸಂಬಂಧಿಸಿದುದು. ಉತ್ತರದಿಂದ ಬಂದ ತುರುಷ್ಕರ ದಾಳಿಯನ್ನು ತಡೆಯುವುದಕ್ಕಾಗಿಯೇ ಈ ಗೋಡೆಯನ್ನು ಎತ್ತಿಸಿದರೆಂಬ ಮಾತನ್ನು ಸಭೆಗಳಲ್ಲಿ ಕೇಳುತ್ತೇವೆ. ಕಾಲಾನುಕ್ರಮವನ್ನು ನೋಡಿರಿ. ಅಲ್ಲಾವುದ್ದೀನ ಖಿಲ್ಜಿಯು ವಿಂಧ್ಯವನ್ನು ದಾಟಿ ದೇವಗಿರಿಯ ಮೇಲೆ ಮೊದಲ ಬಾರಿಗೆ ಬಿದ್ದುದು 1296ರಲ್ಲಿ. ರಾಯಚೂರಿನ ಗೋಡೆಯ ಮೇಲೆ ಶಾಸನ ಕೊರೆದಾಗಿ ಆಗಲೇ ಎರಡು ವರ್ಷ ಸಂದಿದ್ದವು. ದೆಹಲಿಯ ಸೇನೆ ಕೃಷ್ಣಾತೀರಕ್ಕೆ ಬರಬಹುದೆಂದು 1294ರಲ್ಲಿ ಯಾರೂ ಎಣಿಸುವಂತಿರಲಿಲ್ಲ. ಹಾಗಾದರೆ ವಿಠಲನಾಥನು ಈ ದುರ್ಗಗಳನ್ನು ಕಿತ್ತುಕೊಂಡುದು ಯಾರ ಕೈಯಿಂದ? ಆ ಕಾಲದಲ್ಲಿ ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬವು ದೇವಗಿರಿಯ ಸೇವುಣ ಅರಸನಾದ ರಾಮಚಂದ್ರನ ಪ್ರಾಬಲ್ಯಕ್ಕೆ ಒಳಗಾಗಿತ್ತು. ಸೇವುಣರೂ ಕಾಕತೀಯರೂ ಒಂದೇ ದೇವತೆಗಳಿಗೆ ಕೈಮುಗಿದವರು, ಅಗ್ರಹಾರಗಳಿಗೂ ಗುಡಿಗಳಿಗೂ ಒಂದೇ ರೀತಿಯಲ್ಲಿ ದತ್ತಿ ಬಿಟ್ಟವರು. ಆದರೂ ಎರಡು ಹೊಳೆಗಳ ನಡುವಣ ಫಲವತ್ತಾದ ಎರೆಭೂಮಿಗಾಗಿ ಪರಸ್ಪರ ಕಾದಿದರು. ಮುಂದೆ ವಿಜಯನಗರವೂ ಬಹಮನಿಗಳೂ, ಅವರ ತರುವಾಯ ಆದಿಲಶಾಹಿಗಳೂ ಕಾದಿದುದು ಇದೇ ನೆಲಕ್ಕಾಗಿ. ಅರಸರ ಮತವು ಬದಲಾದರೂ ಕಲಹದ ಕಾರಣ ಬದಲಾಗಲಿಲ್ಲವೆಂಬುದನ್ನು ವಿಠಲನಾಥನ ಶಾಸನದಷ್ಟು ನಿಚ್ಚಳವಾಗಿ ತಿಳಿಸುವ ಸಾಕ್ಷ್ಯ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಶಾಸನವು ತೆಲುಗಿನಲ್ಲಿರುವುದನ್ನೇ ಹಿಡಿದು, ರಾಯಚೂರು ಮೂಲತಃ ತೆಲುಗು ನಾಡೇ ಆಗಿತ್ತೆಂದು ವಾದಿಸುವವರೂ ಉಂಟು. ಅದಕ್ಕೆ ಪ್ರತಿಯಾಗಿ ಶಾಸನವನ್ನೇ ಪರಕೀಯವೆಂದು ಕಡೆಗಣಿಸುವ ಕನ್ನಡಾಭಿಮಾನಿಗಳೂ ಉಂಟು. ಎರಡೂ ಸಲ್ಲದು. ದೇವದುರ್ಗ ತಾಲ್ಲೂಕಿನ ಗಬ್ಬೂರಿಗೆ ಹೋದರೆ ಕಲ್ಯಾಣದ ಚಾಲುಕ್ಯರ ಕಾಲದ ದೇಗುಲಗಳೂ ಕನ್ನಡ ಶಾಸನಗಳೂ ಕಣ್ಣಿಗೆ ಬೀಳುತ್ತವೆ. ವಿಠಲನಾಥನು ಬರುವ ಮೊದಲೇ ಈ ಸೀಮೆಯ ಆಡಳಿತದ ನುಡಿ ಯಾವುದಾಗಿತ್ತೆಂಬುದಕ್ಕೆ ಅವೇ ಪ್ರಮಾಣ. ಗೆದ್ದು ಬಂದ ಸೇನಾನಿ ತನ್ನೊಡೆಯನ ನುಡಿಯಲ್ಲಿ ಬರೆಸಿದನು, ಅಷ್ಟೆ. ಅವನ ದಂಡು ನಡೆದ ಹಾದಿಯನ್ನು ಇಂದಿನ ಭೂಪಟದಲ್ಲಿ ಗುರುತಿಸಿದರೆ ಗಡಿಗಳು ಎಷ್ಟು ಈಚಿನವೆಂಬುದೂ ತಿಳಿಯುತ್ತದೆ: ಆದವಾನಿಯು ಬಳ್ಳಾರಿ ಜಿಲ್ಲೆಯಿಂದ 1953ರಲ್ಲಿ ಆಂಧ್ರಕ್ಕೆ ಹೋಯಿತು, 1956ರಲ್ಲಿ ರಾಯಚೂರು ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರುವಾಗ ಗದ್ವಾಲ, ಆಲಂಪುರಗಳು ಅದರಿಂದ ಬೇರ್ಪಟ್ಟವು. ಏಳು ನೂರು ವರ್ಷಗಳ ಹಿಂದಿನ ಕಲ್ಲನ್ನು ಎಪ್ಪತ್ತು ವರ್ಷಗಳ ಹಿಂದಿನ ಗೆರೆಯಿಂದ ಅಳೆಯಲಾಗದು.

ಇಷ್ಟು ದೊಡ್ಡ ಕಲ್ಲನ್ನು ಮನುಷ್ಯಮಾತ್ರರು ತಂದಿರಲಾರರೆಂಬ ಬೆರಗಿನ ಮಾತಿಗೆ ಗೋಡೆಯೇ ಉತ್ತರ ಕೊಡುತ್ತದೆ. ಶಿಲೆಯನ್ನು ಸಾಗಿಸಿದ ರೀತಿಯನ್ನು ಅಲ್ಲಿಯೇ ರೇಖೆಗಳಲ್ಲಿ ಕೊರೆದಿದ್ದಾರೆ: ಅರಗಳಿಲ್ಲದ ಗಟ್ಟಿಗಾಲಿಗಳ ಬಂಡಿ, ಅದರ ಮೇಲೆ ನೀಳವಾದ ಕಲ್ಲು, ಮುಂದೆ ಸಾಲುಗಟ್ಟಿದ ಕೋಣಗಳು, ಅವನ್ನು ಹೊಡೆಯುವ ಆಳುಗಳು. ದಂಡನಾಯಕನ ಬಿರುದಾವಳಿಗಿಂತಲೂ ಈ ಚಿತ್ರವೇ ನನಗೆ ಹೆಚ್ಚು ಅಮೂಲ್ಯವಾಗಿ ತೋರುತ್ತದೆ. ನಮ್ಮ ಮಧ್ಯಯುಗದ ಶಾಸನಗಳು ದಾನಿಯನ್ನೂ ದೊರೆಯನ್ನೂ ಹೊಗಳಿ ನಿಂತುಬಿಡುವುದೇ ಹೆಚ್ಚು, ಬಂಡಿ ಹೊಡೆದವನನ್ನು ತೋರಿಸುವುದು ಅತಿ ವಿರಳ.

ಹಾಗೆಂದು ಶಾಸನದ ಮಾತೆಲ್ಲವನ್ನೂ ವೇದವಾಕ್ಯವೆಂದು ಸ್ವೀಕರಿಸುವುದು ಇನ್ನೊಂದು ಬಗೆಯ ಮೂಢನಂಬಿಕೆಯಾದೀತು. ಅದನ್ನು ಬರೆಸಿದವನು ಗೆದ್ದವನ ಕಡೆಯವನು. ಮಾನುವದಲ್ಲಿ ಕೋಟೆಯನ್ನು ಕಾದು ಸೋತವರ ಮಾತು ಆ ಕಲ್ಲಿನಲ್ಲಿಲ್ಲ; ಪುರಜನರ ರಕ್ಷಣೆಗಾಗಿ ಎಂಬ ಮಾತನ್ನು ಬರೆಸಿದವನು ಆ ಪುರವನ್ನು ಆಗಷ್ಟೇ ದಂಡಿನೊಡನೆ ಹೊಕ್ಕವನು. ಸೇನಾನಿಗಳ ಚರಿತ್ರೆಯನ್ನು ಶೋಧಿಸುವವರು ಜಗತ್ತಿನೆಲ್ಲೆಡೆ ಎದುರಿಸುವ ತೊಡಕು ಇದೇ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸಂಯುಕ್ತ ರಾಜ್ಯಗಳ ಪರವಾಗಿ ಹೋರಾಡಿ 1865ರಲ್ಲಿ ಶರಣಾದ ಜನರಲ್ ರಾಬರ್ಟ್ ಲೀಯ ಪ್ರತಿಮೆಯನ್ನು ರಿಚ್ಮಂಡ್ ನಗರದಲ್ಲಿ ನಿಲ್ಲಿಸಿದುದು 1890ರಲ್ಲಿ. ಆ ಯುದ್ಧಕ್ಕೂ ಗುಲಾಮಗಿರಿಗೂ ಸಂಬಂಧವೇ ಇರಲಿಲ್ಲವೆಂಬಂತೆ ಅಭಿಮಾನಿಗಳು ಕಟ್ಟಿದ ಕಥೆಗೆ ಅಂಥ ಪ್ರತಿಮೆಗಳು ಆಶ್ರಯವಾದವು. ಪತ್ರಗಳನ್ನೂ ದಾಖಲೆಗಳನ್ನೂ ಮುಂದಿಟ್ಟು ಇತಿಹಾಸಕಾರರು ಆ ಕಥೆಯನ್ನು ದೀರ್ಘಕಾಲ ಖಂಡಿಸಿದರು. 2021ರಲ್ಲಿ ಆ ಪ್ರತಿಮೆಯನ್ನು ಇಳಿಸಲಾಯಿತು. ಅಲ್ಲಿ ಸ್ಮಾರಕವು ನಾಯಕನು ಸತ್ತ ಮೇಲೆ ಭಕ್ತರು ಎತ್ತಿದುದು. ಇಲ್ಲಿ ನಾಯಕನು ಬದುಕಿದ್ದಾಗಲೇ ಕೊರೆಸಿದುದು. ಎರಡನ್ನೂ ಪರೀಕ್ಷಿಸುವ ವಿಧಾನ ಮಾತ್ರ ಒಂದೇ: ಯಾರು ಬರೆಸಿದರು, ಎಂದು ಬರೆಸಿದರು, ಬೇರೆ ಸಾಕ್ಷ್ಯವೇನು ಹೇಳುತ್ತದೆ ಎಂದು ಕೇಳಬೇಕು. ವಿಠಲನಾಥನ ವಿಷಯದಲ್ಲಿ ಗೋಡೆಯ ರಚನೆಯೂ ಕಾಕತೀಯರ ಇತರ ಶಾಸನಗಳೂ ಕಾಲಾನುಕ್ರಮವೂ ಒಂದಕ್ಕೊಂದು ಹೊಂದುವುದರಿಂದ ಮೂಲಸಂಗತಿಯನ್ನು ನಂಬಲು ಅಡ್ಡಿಯಿಲ್ಲ.

ಅವನು ಯಾವ ರಾಜ್ಯಕ್ಕಾಗಿ ಕೋಟೆಯನ್ನು ಕಟ್ಟಿದನೋ ಅದು ಮತ್ತೆ ಮೂವತ್ತು ವರ್ಷವೂ ಬಾಳಲಿಲ್ಲ. 1323ರಲ್ಲಿ ಓರುಗಲ್ಲು ದೆಹಲಿಯ ವಶವಾಯಿತು. ಸೆರೆಯಾಳಾದ ಪ್ರತಾಪರುದ್ರನು ದೆಹಲಿಯ ದಾರಿಯಲ್ಲಿಯೇ ಅಸುನೀಗಿದನು. ಗೋಡೆ ಉಳಿಯಿತು, ಮುಂದೆ ಬಂದ ಪ್ರತಿಯೊಂದು ರಾಜ್ಯವೂ ಅದನ್ನು ಕೆಡಹದೆ ಬಳಸಿಕೊಂಡಿತು.

ಇದೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬಂಡೆಯೊಂದರ ಮೇಲೆ ಅಶೋಕನೆಂಬ ಹೆಸರೇ ದೊರೆತು, ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಅಶೋಕನೇ ಎಂಬುದು ದೃಢವಾಯಿತೆಂದು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಅಷ್ಟೇ ನಿಚ್ಚಳವಾಗಿ ಮಾತನಾಡುವ ಇನ್ನೊಂದು ಶಿಲೆಯನ್ನು ಜಿಲ್ಲೆಯ ಕೇಂದ್ರದಲ್ಲಿಯೇ ಇಟ್ಟುಕೊಂಡು, ಅದರ ಮಾತನ್ನು ಕೇಳದೆ ದಂತಕಥೆಯನ್ನು ಹಬ್ಬಿಸುವುದು ಸರಿಯಲ್ಲ. ರಾಯಚೂರು, ಮಾನ್ವಿ, ದೇವದುರ್ಗಗಳ ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ: ಮಕ್ಕಳನ್ನು ಒಳಕೋಟೆಯ ಪಶ್ಚಿಮದ ಗೋಡೆಯ ಬಳಿಗೆ ಕರೆದೊಯ್ಯಿರಿ, 1294 ಎಂಬ ವರ್ಷವನ್ನೂ ವಿಠಲನಾಥನ ಹೆಸರನ್ನೂ ಹೇಳಿಕೊಡಿರಿ, ಮಾನ್ವಿಯ ಮಕ್ಕಳಿಗೆ ಮಾನುವವೆಂಬ ಹೆಸರು ಆ ಕಲ್ಲಿನಲ್ಲಿದೆಯೆಂದು ತಿಳಿಸಿರಿ, ಬಂಡಿಯ ಮುಂದಿನ ಕೋಣಗಳನ್ನು ಅವರೇ ಎಣಿಸಲಿ.