ಅಂಗೈಯ ಯಂತ್ರವೂ ಮನೆಯ ಎಚ್ಚರವೂ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕೋಟೆಗಳ ಸೀಮೆ. ಮಧುಗಿರಿ ಮತ್ತು ಪಾವಗಡದ ಬೆಟ್ಟಗಳ ಮೇಲೆ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದಲ್ಲಿ, ಶಿರಾದ ಬಯಲಿನಲ್ಲಿ ಹಿಂದಿನವರು ಕಟ್ಟಿದ ಕೋಟೆಗಳನ್ನು ಇಂದಿಗೂ ಕಾಣಬಹುದು. ಗೋಡೆ ಎಷ್ಟೇ ಎತ್ತರವಾಗಿದ್ದರೂ ಒಳಗಿರುವವರೇ ಮೋಸಹೋಗಿ ಬಾಗಿಲು ತೆರೆದರೆ ಕೋಟೆ ಉಳಿಯದು. ಇಂದು ಈ ಸೀಮೆಯ ಬಹುಪಾಲು ಮನೆಗಳಿಗೆ ಅಂತಹ ಹೊಸದೊಂದು ಬಾಗಿಲು ಬಂದಿದೆ. ಅದೇ ಮೊಬೈಲ್ ದೂರವಾಣಿ.

ಈ ಯಂತ್ರದಿಂದ ಆಗಿರುವ ಉಪಕಾರ ಅಲ್ಪವಲ್ಲ. ಮಳೆಯನ್ನು ನಂಬಿ ಕಡಲೆಕಾಯಿ, ರಾಗಿ ಬೆಳೆಯುವ ರೈತನು ಹೊಲದ ಬದುವಿನಲ್ಲಿ ನಿಂತೇ ಹವಾಮಾನದ ಮುನ್ಸೂಚನೆಯನ್ನೂ ಮಾರುಕಟ್ಟೆಯ ಧಾರಣೆಯನ್ನೂ ತಿಳಿಯಬಲ್ಲನು. ದುಡಿಮೆಗಾಗಿ ಬೆಂಗಳೂರಿಗೆ ಹೋದ ಮಗನು ಕ್ಷಣಮಾತ್ರದಲ್ಲಿ ತಾಯಿಗೆ ಹಣ ಕಳುಹಿಸಬಲ್ಲನು. 2020ರಲ್ಲಿ ಕೋವಿಡ್ ಪಿಡುಗಿನಿಂದಾಗಿ ಶಾಲೆಗಳು ಮುಚ್ಚಿದಾಗ ಪಾಠಗಳು ದೂರದರ್ಶನ ಮತ್ತು ಮೊಬೈಲುಗಳ ಮೂಲಕ ಮನೆಗೆ ಬಂದವು. ಹಿರಿಯರ ಕೈಯಲ್ಲಿದ್ದ ಯಂತ್ರವು ಹೀಗೆ ಮಕ್ಕಳ ಕೈಗೂ ಬಂದಿತು.

ಆದರೆ ಉಪಕಾರ ಬರುವ ಬಾಗಿಲಿನಿಂದಲೇ ಅಪಾಯವೂ ಬರುತ್ತದೆ. ವಂಚಕನು ಯಂತ್ರವನ್ನು ಭೇದಿಸುವುದಕ್ಕಿಂತ ಹೆಚ್ಚಾಗಿ ಮನುಷ್ಯನ ಮನಸ್ಸನ್ನು ಭೇದಿಸುತ್ತಾನೆ. ಆಸೆ, ಭಯ ಮತ್ತು ಅವಸರ ಅವನ ಮೂರು ಆಯುಧಗಳು. "ನಿಮಗೆ ಬಹುಮಾನ ಬಂದಿದೆ, ಪಡೆಯಲು ಪಿನ್ ಒತ್ತಿ" ಎನ್ನುವುದು ಆಸೆಯ ಬಲೆ. ಹಣ ಪಡೆಯುವವನು ಪಿನ್ ಒತ್ತಬೇಕಾದುದೇ ಇಲ್ಲ. ಹಾಗೆ ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ. "ನಿಮ್ಮ ಖಾತೆ ಇಂದೇ ನಿಂತುಹೋಗುತ್ತದೆ, ಬಂದಿರುವ ಓಟಿಪಿ ಸಂಖ್ಯೆಯನ್ನು ಹೇಳಿ" ಎನ್ನುವುದು ಅವಸರದ ಬಲೆ. ಪೊಲೀಸರ ವೇಷ ಧರಿಸಿ ಪರದೆಯ ಮೇಲೆ ಕಾಣಿಸಿಕೊಂಡು, "ನಿಮ್ಮನ್ನು ಡಿಜಿಟಲ್ ಬಂಧನದಲ್ಲಿ ಇಡಲಾಗಿದೆ, ಯಾರಿಗೂ ಹೇಳಬೇಡಿ" ಎನ್ನುವುದು ಭಯದ ಬಲೆ. ನಮ್ಮ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ದೇಶಕ್ಕೆ ತಿಳಿಸಬೇಕಾಯಿತು.

ಹಣವಷ್ಟೇ ಅಲ್ಲ, ಪ್ರಾಣವೂ ಹೋದ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಉಂಟು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪ್‌ನಲ್ಲಿ ಊರಿಂದೂರಿಗೆ ಹರಡಿತು. ಅದರೊಡನೆ ಹರಿದಾಡಿದ ದೃಶ್ಯವೊಂದು ಮಕ್ಕಳ ರಕ್ಷಣೆಗಾಗಿ ಕರಾಚಿಯಲ್ಲಿ ತಯಾರಾದ ಕಿರುಚಿತ್ರದ ಭಾಗವಾಗಿತ್ತು. ಎತ್ತಿಕೊಂಡು ಹೋದ ಮಗುವನ್ನು ಹಿಂದಿರುಗಿಸಿ ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಯುವಕನೊಬ್ಬನೂ, ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರನೊಬ್ಬನೂ ಗುಂಪಿನ ಹೊಡೆತಕ್ಕೆ ಬಲಿಯಾದರು. ಇಬ್ಬರೂ ನಿರಪರಾಧಿಗಳು. ಅನಂತರ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕಿತು. ಆದರೂ ಸುದ್ದಿ ನಿಜವೇ ಎಂದು ವಿಚಾರಿಸುವ ಹೊಣೆ ಯಂತ್ರದ್ದಲ್ಲ, ಮನುಷ್ಯನದು.

ಮಕ್ಕಳಿಗೆ ಎದುರಾಗುವ ಅಪಾಯ ಇನ್ನೂ ಸೂಕ್ಷ್ಮವಾದುದು. ಅಪರಿಚಿತನೊಬ್ಬನು ಸ್ನೇಹಿತನಂತೆ ಮಾತನಾಡಿ ಹುಡುಗಿಯ ಅಥವಾ ಹುಡುಗನ ಚಿತ್ರಗಳನ್ನು ಪಡೆದು, ಬಳಿಕ ಅವನ್ನು ಎಲ್ಲರಿಗೂ ತೋರಿಸುವೆನೆಂದು ಬೆದರಿಸುತ್ತಾನೆ. ಮನೆಯಲ್ಲಿ ಹೇಳಿದರೆ ಬಯ್ಯುತ್ತಾರೆ, ಶಾಲೆ ಬಿಡಿಸುತ್ತಾರೆ ಎಂಬ ಅಂಜಿಕೆಯಿಂದ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಈ ಮೌನವೇ ದುಷ್ಟನ ಬಂಡವಾಳ. ಇಂತಹ ಸಂದರ್ಭದಲ್ಲಿ ತಪ್ಪಿತಸ್ಥನು ಬೆದರಿಸಿದವನೇ ಹೊರತು ಮಗುವಲ್ಲ. 2012ರ ಪೋಕ್ಸೊ ಕಾಯಿದೆಯು 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಲೈಂಗಿಕ ದೌರ್ಜನ್ಯದಿಂದ ರಕ್ಷಣೆ ನೀಡಿದೆ. ಸಂಕಟದಲ್ಲಿರುವ ಮಗುವು 1098 ಎಂಬ ಸಹಾಯವಾಣಿಗೆ ಕರೆಮಾಡಬಹುದು.

ಅಪಾಯವೆಲ್ಲ ಹೊರಗಿನಿಂದಲೇ ಬರುವುದೆಂದೂ ತಿಳಿಯಬಾರದು. ಒಂದು ದೃಶ್ಯ ಮುಗಿಯುತ್ತಲೇ ಮತ್ತೊಂದು ತಾನಾಗಿ ಬಂದು ಕಣ್ಣನ್ನು ಹಿಡಿದಿಡುತ್ತದೆ. ನಿದ್ರೆ, ಓದು, ಆಟ, ಮಾತುಕತೆ ಎಲ್ಲಕ್ಕೂ ಕೊರತೆಯಾಗುತ್ತದೆ. ಈ ಗೀಳಿನಿಂದ ಬಳಲುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಬೇಕಾಯಿತು. ಊಟದ ಹೊತ್ತಿನಲ್ಲಿ ಮೊಬೈಲನ್ನು ದೂರವಿಡುವುದು, ರಾತ್ರಿ ಎಲ್ಲರ ಮೊಬೈಲುಗಳನ್ನೂ ನಡುಮನೆಯಲ್ಲಿ ಒಂದೆಡೆ ಇರಿಸುವುದು ಒಳ್ಳೆಯ ಪದ್ಧತಿ. ಆದರೆ ನಿಯಮವು ಹಿರಿಯರಿಗೂ ಅನ್ವಯಿಸಬೇಕು. ತಾನು ಪರದೆಯಿಂದ ಕಣ್ಣೆತ್ತದ ತಂದೆಯ ಬುದ್ಧಿವಾದವನ್ನು ಮಗನು ಕೇಳಲಾರನು.

ಹಾಗಾದರೆ ಈ ಬಾಗಿಲನ್ನು ಕಾಯುವವರು ಯಾರು? ಮನೆಯಲ್ಲಿ ಯಂತ್ರವನ್ನು ಬಲ್ಲವರು ಸಾಮಾನ್ಯವಾಗಿ ಮಕ್ಕಳು. ಮನುಷ್ಯರನ್ನು ಬಲ್ಲವರು ಹಿರಿಯರು. ಸಂದೇಶದ ಕೊಂಡಿಯನ್ನು ಒತ್ತಬಾರದೆಂದು ಮೊಮ್ಮಗಳು ಅಜ್ಜಿಗೆ ತಿಳಿಸಬಲ್ಲಳು. ಅತಿಯಾಗಿ ಸವಿಮಾತನಾಡುವ ಅಪರಿಚಿತನನ್ನು ಏಕೆ ನಂಬಬಾರದೆಂದು ಅಜ್ಜಿಯು ಮೊಮ್ಮಗಳಿಗೆ ತಿಳಿಸಬಲ್ಲಳು. ಇಬ್ಬರ ಅರಿವೂ ಅರ್ಧ, ಕೂಡಿದಾಗಲೇ ಪೂರ್ಣ. ಅವು ಕೂಡಬೇಕಾದರೆ ಮನೆಯಲ್ಲಿ ಅಂಜಿಕೆಯಿಲ್ಲದ ಮಾತು ಇರಬೇಕು.

ಮೋಸಹೋದವನು ನಾಚಿಕೆಪಡಬೇಕಾಗಿಲ್ಲ, ಅವನು ತಡಮಾಡಬಾರದು, ಅಷ್ಟೆ. 1930 ಎಂಬ ಸಂಖ್ಯೆಗೆ ಕೂಡಲೇ ಕರೆಮಾಡಿದರೆ, ಹಣವು ಖಾತೆಯಿಂದ ಖಾತೆಗೆ ಜಾರುವ ಮುನ್ನ ಬ್ಯಾಂಕುಗಳ ಮೂಲಕ ಅದನ್ನು ತಡೆಹಿಡಿಯುವ ಅವಕಾಶವಿರುತ್ತದೆ. ಮನೆಯವರಿಗೆ ಹೇಳಲು ಹೆದರಿ ಕಳೆದ ಒಂದು ರಾತ್ರಿಯಲ್ಲಿ ಆ ಅವಕಾಶ ಕೈತಪ್ಪಬಹುದು. ಆದುದರಿಂದ ತಪ್ಪನ್ನು ಹೇಳಿಕೊಂಡ ಮಗುವನ್ನಾಗಲಿ, ಮುದುಕರನ್ನಾಗಲಿ ಮೊದಲು ಹತ್ತಿರ ಕೂರಿಸಿಕೊಂಡು ಕೇಳುವ ಮನೆಯೇ ಸುರಕ್ಷಿತವಾದ ಮನೆ.